ಮೂರು ಜನ ಕೂತು ಕೇಳುವ ಕಮಿಷನ್

ಅಮೆರಿಕದ ಒಹಾಯೊಗೆ ಬಂದ ಹೊಸದರಲ್ಲಿ ನಮ್ಮೂರ ಸಿಟಿ ಹಾಲ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಸಿವಿಲ್ ಸರ್ವಿಸ್ ಕಮಿಷನ್ ಸಭೆ, ಯಾರು ಬೇಕಾದರೂ ಬರಬಹುದು ಅಂತ. ನನಗೆ ಸಿವಿಲ್ ಸರ್ವಿಸ್ ಅಂದ್ರೆ ಐಎಎಸ್, ಕೆಎಎಸ್, ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರು. ಒಂದು ಊರಿಗೂ ಇಂಥದ್ದು ಇರುತ್ತಾ ಅಂತ ಸುಮ್ನೆ ಒಳಗೆ ಹೋದೆ. ಒಂದು ಮೇಜು, ಅದರ ಹಿಂದೆ ಮೂರು ಜನ. ಈಚೆ ಕಡೆ ನಾನೂ ಸೇರಿ ನಾಲ್ಕು ಜನ, ಅಷ್ಟೇ.

ಅವತ್ತಿನ ವಿಷಯ ಫೈರ್ ಡಿಪಾರ್ಟ್‌ಮೆಂಟ್ ಪರೀಕ್ಷೆ. ಒಬ್ಬ ಹುಡುಗ ಎದ್ದು, ತಾನು ಸೈನ್ಯದಲ್ಲಿದ್ದ ದಾಖಲೆ ಕೊಟ್ಟಿದ್ದರೂ ಅದಕ್ಕೆ ಸಿಗಬೇಕಾದ ಹೆಚ್ಚುವರಿ ಅಂಕ ಸೇರಿಸಿಲ್ಲ ಅಂದ. ಅಧ್ಯಕ್ಷೆ ಕನ್ನಡಕ ಮೇಲೇರಿಸಿ, ಫೈಲು ತಿರುವಿ, ದಾಖಲೆ ಮೇಲಿನ ಸೀಲಿನ ತಾರೀಕು ಗಟ್ಟಿಯಾಗಿ ಓದಿದರು. ಕೊನೆ ದಿನಕ್ಕಿಂತ ಎರಡು ದಿನ ಮೊದಲೇ ಕೊಟ್ಟಿದ್ದ. ಮೂವರೂ ಒಪ್ಪಿ, ಪಟ್ಟಿ ತಿದ್ದಿ ಅಂದರು. ಹತ್ತು ನಿಮಿಷದ ಕೆಲಸ.

ಒಹಾಯೊ ಕಾನೂನಿನ ಪ್ರಕಾರ ಈ ಮೂವರನ್ನು ಮೇಯರ್ ನೇಮಿಸುತ್ತಾರೆ. ಆರು ವರ್ಷದ ಅವಧಿ. ಒಂದೇ ಪಕ್ಷದವರು ಇಬ್ಬರಿಗಿಂತ ಜಾಸ್ತಿ ಇರುವ ಹಾಗಿಲ್ಲ. ಪರೀಕ್ಷೆ ನಡೆಸುವುದು, ಅಂಕದ ಪ್ರಕಾರ ಪಟ್ಟಿ ಮಾಡುವುದು, ಖಾಲಿ ಹುದ್ದೆಗೆ ಪಟ್ಟಿಯ ಮೇಲಿನ ಕೆಲವು ಹೆಸರು ಕಳಿಸುವುದು ಇವರ ಕೆಲಸ. ಆ ಕೆಲವರಲ್ಲಿ ಯಾರನ್ನು ತಗೋಬೇಕು ಅನ್ನುವುದು ಇಲಾಖೆಗೆ ಬಿಟ್ಟಿದ್ದು. ಪೊಲೀಸರ, ಫೈರ್‌ನವರ ಬಡ್ತಿಗೆ ಮಾತ್ರ ಆ ಸಡಿಲವೂ ಇಲ್ಲ, ಮೊದಲ ಹೆಸರೇ. ಕೆಲಸದಿಂದ ತೆಗೆದರೆ ಹತ್ತು ದಿನದೊಳಗೆ ಇದೇ ಮೇಜಿನ ಮುಂದೆ ಅಪೀಲು ಹಾಕಬಹುದು.

ಅಮೆರಿಕದವರೇನು ಹುಟ್ಟಾ ಸಾಚಾಗಳಲ್ಲ ಮತ್ತೆ. ಗೆದ್ದ ಪಕ್ಷ ತನ್ನವರಿಗೆ ಕೆಲಸ ಹಂಚುವುದು ಇಲ್ಲಿ ಮಾಮೂಲಾಗಿತ್ತು. 1881ರಲ್ಲಿ ಕೆಲಸ ಸಿಗದ ಸಿಟ್ಟಿಗೆ ಒಬ್ಬಾತ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೇ ಗುಂಡು ಹೊಡೆದ. ಆ ಗಾರ್ಫೀಲ್ಡ್ ಒಹಾಯೊದವರೇ. ಪರೀಕ್ಷೆ ಮೇಲೆ ಕೆಲಸ ಕೊಡುವ ಪೆಂಡಲ್ಟನ್ ಕಾಯ್ದೆ ಬಂದಿದ್ದು 1883ರಲ್ಲಿ. ಈಗಲೂ ನೇಮಿಸುವವರು ಮೇಯರೇ ಅಲ್ವಾ, ಅವರ ಮಾತಿಗೆ ಎದುರಾಡುವವರು ಎಷ್ಟು ಜನ ಅನ್ನುವ ಗುಮಾನಿ ನನಗೂ ಇದೆ.

ಆದರೂ ನಮ್ಮ ಕರ್ನಾಟಕ ಲೋಕಸೇವಾ ಆಯೋಗ, ಅಂದರೆ ಕೆಪಿಎಸ್‌ಸಿ ನೆನೆದರೆ ಹೊಟ್ಟೆ ಉರಿಯುತ್ತದೆ. 2011ನೇ ಸಾಲಿನ 362 ಹುದ್ದೆಗಳ ಅಧಿಸೂಚನೆಯನ್ನು 2014ರಲ್ಲಿ ಸರ್ಕಾರವೇ ವಾಪಸ್ ತಗೊಂಡಿತು. ಆಮೇಲೆ ಕೆಎಟಿ (ಸರ್ಕಾರಿ ನೌಕರಿಯ ವ್ಯಾಜ್ಯ ಕೇಳುವ ನ್ಯಾಯಮಂಡಳಿ), ಹೈಕೋರ್ಟು ಅಂತ ಅಲೆದು, ಕೊನೆಗೆ 2022ರಲ್ಲಿ ಅದಕ್ಕೇ ಅಂತ ಒಂದು ಕಾಯ್ದೆ ತರಬೇಕಾಯಿತು. 2024ರ ಆಗಸ್ಟ್‌ನಲ್ಲಿ 384 ಹುದ್ದೆಗಳ ಕೆಎಎಸ್ ಪ್ರಿಲಿಮ್ಸ್ ನಡೆದಾಗ ಕನ್ನಡ ಪ್ರಶ್ನೆಗಳ ಅನುವಾದ ಹೇಗಿತ್ತೆಂದರೆ, ಇಂಗ್ಲಿಷ್ ಪ್ರಶ್ನೆ ನೋಡದೆ ಕನ್ನಡ ಅರ್ಥವಾಗುತ್ತಿರಲಿಲ್ಲ. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಮಾಡಿದರು, ಅದರಲ್ಲೂ ತಪ್ಪು! ಕರ್ನಾಟಕದಲ್ಲಿ, ಕನ್ನಡದಲ್ಲಿ.

ಒಂದು ಊರಿನ ಫೈರ್ ಸ್ಟೇಷನ್ನನ್ನೂ ಲಕ್ಷಗಟ್ಟಲೆ ಜನ ಬರೆಯುವ ಪರೀಕ್ಷೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು, ಒಪ್ಪುತ್ತೇನೆ. ಕರ್ನಾಟಕದಲ್ಲೂ ಕೀ ಉತ್ತರಕ್ಕೆ ಆಕ್ಷೇಪಣೆ ಹಾಕಬಹುದು, ನಿಜ. ಆದರೆ ಅದನ್ನು ಯಾರು ಓದಿದರು, ಯಾಕೆ ತಳ್ಳಿದರು ಅಂತ ಎದುರು ಕೂತು ಹೇಳುವವರು ಯಾರು? ಜಿಲ್ಲೆಗೊಂದು ದಿನ ಒಬ್ಬ ಸದಸ್ಯರು ಬಂದು, ಬಾಗಿಲು ತೆರೆದಿಟ್ಟು ದೂರು ಕೇಳಲಿ. ಅದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.

ಮೊನ್ನೆ ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಇಲ್ಲಿ ಆಯ್ಕೆ ಪಟ್ಟಿಗೆ ಒಂದೆರಡು ವರ್ಷ ಅಷ್ಟೇ ಆಯಸ್ಸು, ಆಮೇಲೆ ಹೊಸ ಪರೀಕ್ಷೆ ಮಾಡಲೇಬೇಕು ಅಂದೆ. ಅವನು ನಕ್ಕ. ‘ಅಲ್ಲಿ ಪಟ್ಟಿಗೆ ಎಕ್ಸ್‌ಪೈರಿ ಡೇಟ್ ಹಾಕ್ತಾರೆ. ಇಲ್ಲಿ ಓದೋರಿಗೆ ಹಾಕಿದ್ದಾರೆ ಮಾಮ, ನಂದು ಇನ್ನು ಎರಡು ವರ್ಷ ಇದೆ.’