ಸೇವೆ ಆಮೇಲೆ ಬಂದದ್ದು
ರೋಟರಿ ಕ್ಲಬ್ಬುಗಳ ಬೆಳವಣಿಗೆಯ ಕುರಿತ ಲೇಖನವೊಂದರಲ್ಲಿ, ರೋಟರಿಯು ಹುಟ್ಟಿದ ದಿನದಿಂದಲೇ ಸಮಾಜಸೇವೆಗೆ ಮುಡಿಪಾದ ಸಂಸ್ಥೆ ಎಂದು ಬರೆದಿರುವ ಮಾತಿಗೆ ಒಂದು ತಿದ್ದುಪಡಿ ಬೇಕೆನಿಸುತ್ತದೆ. 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ವಕೀಲ ಪಾಲ್ ಹ್ಯಾರಿಸ್, ಗಣಿ ಎಂಜಿನಿಯರ್ ಗುಸ್ಟಾವಸ್ ಲೋಹರ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಷೀಲ್ ಹಾಗೂ ಬಟ್ಟೆ ಹೊಲಿಸಿ ಮಾರುತ್ತಿದ್ದ ಹೈರಮ್ ಶೋರಿ ಮೊದಲ ಬಾರಿಗೆ ಸೇರಿದಾಗ, ಆ ಮಹಾನಗರದಲ್ಲಿ ಸ್ನೇಹ ಬೆಳೆಸುವುದು ಮತ್ತು ಪರಸ್ಪರರ ವ್ಯಾಪಾರಕ್ಕೆ ನೆರವಾಗುವುದೇ ಮುಖ್ಯ ಉದ್ದೇಶವಾಗಿತ್ತು. ಒಂದು ವೃತ್ತಿಯಿಂದ ಒಬ್ಬರನ್ನೇ ಸೇರಿಸಿಕೊಳ್ಳುವ ನಿಯಮದ ಹಿಂದೆಯೂ ಇದೇ ಲೆಕ್ಕಾಚಾರ ಕಾಣುತ್ತದೆ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರು, ಊರಿಗೆ ಉಪಯೋಗವಿಲ್ಲದ ಇಂಥ ಕೂಟಕ್ಕೆ ಭವಿಷ್ಯವಿಲ್ಲವೆಂದು ಸದಸ್ಯತ್ವ ನಿರಾಕರಿಸಿದ ಮೇಲೆಯೇ ನಗರದ ಹಿತವೂ ಕ್ಲಬ್ಬಿನ ಗುರಿಗಳಲ್ಲಿ ಸೇರಿತು. ಅದರ ಮೊದಲ ದೊಡ್ಡ ಕೆಲಸ ಷಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು ನಡೆಸಿದ ಪ್ರಯತ್ನ (ಇಂದಿಗೂ ನಮ್ಮ ಎಷ್ಟೋ ಪೇಟೆಗಳಿಗೆ ಬೇಕಾದದ್ದು ಅದೇ). ಕಲ್ಕತ್ತೆಯ ಕ್ಲಬ್ಬಿಗೆ 1920ರಲ್ಲಿ ಮಾನ್ಯತೆ ದೊರೆತದ್ದನ್ನೂ 1985ರಲ್ಲಿ ಆರಂಭವಾದ ಪೋಲಿಯೊ ನಿರ್ಮೂಲನಾ ಯೋಜನೆಯನ್ನೂ ಲೇಖಕರು ಸರಿಯಾಗಿಯೇ ಸ್ಮರಿಸಿದ್ದಾರೆ. ಆದರೆ ಮಹಿಳೆಯರನ್ನು ಸೇರಿಸಿಕೊಂಡ ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬಿನ ಮಾನ್ಯತೆಯನ್ನು ರೋಟರಿ 1978ರಲ್ಲಿ ರದ್ದುಪಡಿಸಿತ್ತು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಬಂದ ನಂತರ, 1989ರಲ್ಲಿ, ಪುರುಷರಿಗೆ ಮಾತ್ರ ಎಂಬ ನಿಯಮ ಹೋಯಿತು. ಬೆಳವಣಿಗೆಯ ಕಥೆಯಲ್ಲಿ ಈ ಅಧ್ಯಾಯವನ್ನು ಬಿಟ್ಟದ್ದು ನನಗೆ ಸರಿಕಾಣಲಿಲ್ಲ.