ಪಾರ್ಟ್ ಬಿ-ನಲ್ಲಿ ಎರರ್ ಇದೆ

ಬ್ಯಾಂಕ್ ಎಕ್ಸಾಮಿಗೆ ಓದಿದೋರಿಗೆ ಬೆನ್ನುನೋವು ಬರುತ್ತೆ, ಗ್ಯಾಸ್ಟ್ರಿಕ್ ಬರುತ್ತೆ, ಕೆಲವ್ರಿಗೆ ಕೆಲಸಾನೂ ಬರುತ್ತೆ. ನನಗೆ ಬಂದಿದ್ದು ಸ್ಪಾಟಿಂಗ್ ಎರರ್ಸ್. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ, ಒಂದು ಇಂಗ್ಲಿಷ್ ವಾಕ್ಯನ ಎ ಬಿ ಸಿ ಡಿ ಅಂತ ನಾಲ್ಕು ತುಂಡು ಮಾಡಿ ಇಟ್ಟಿರ್ತಾರೆ, ಯಾವ ತುಂಡಲ್ಲಿ ತಪ್ಪಿದೆ ಅಂತ ನಾವು ಹುಡುಕ್ಬೇಕು, ಎಲ್ಲೂ ತಪ್ಪಿಲ್ಲ ಅಂದ್ರೆ ಇ, ನೋ ಎರರ್. ನಾನು ಬರೆದಾಗ ಬ್ಯಾಂಕ್ ಪ್ರಿಲಿಮ್ಸಲ್ಲಿ, ಅಂದ್ರೆ ಮೊದಲ ಸುತ್ತಲ್ಲಿ, ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ ಇತ್ತು, ಒಂದು ತಪ್ಪಾದ್ರೆ ಕಾಲು ಮಾರ್ಕ್ ಕಟ್. ಎಕ್ಸಾಮ್ ಮುಗಿದ್ರೆ ಇದೂ ಮುಗೀಬೇಕಿತ್ತು. ಮುಗೀಲಿಲ್ಲ.

ನಾನು ಓದಿದ್ದು ಶಿವಮೊಗ್ಗದಲ್ಲಿ, ದುರ್ಗಿಗುಡಿ ಕಡೆ ಒಂದು ಬಿಲ್ಡಿಂಗಿನ ಎರಡನೇ ಫ್ಲೋರಲ್ಲಿ ಕೋಚಿಂಗು, ಕೆಳಗಡೆ ಬೇಕರಿ, ಸಂಜೆ ಬಿಸಿ ಬನ್ನಿನ ವಾಸನೆ ಮೇಲೆ ಹತ್ತಿ ಬರೋ ಹೊತ್ತಿಗೆ ಸರಿಯಾಗಿ ಇಂಗ್ಲಿಷ್ ಸರ್ ಕ್ಲಾಸ್ ಇಡ್ತಿದ್ರು. ಸರ್ ಪುಸ್ತಕದ ಉದಾಹರಣೆ ಕೊಡೋ ಪೈಕಿ ಅಲ್ಲ, ಎಲ್ಲ ಲೋಕಲ್ಲು. ಬೋರ್ಡ್ ಮೇಲೆ ಬರೆದ್ರು, 'ಇಟ್ ಈಸ್ ರೈನಿಂಗ್, ಇನ್ ಆಗುಂಬೆ, ಸಿನ್ಸ್ ಜೂನ್'. ಇಡೀ ಕ್ಲಾಸು 'ಸಿನ್ಸ್ ತಪ್ಪು ಸಾರ್' ಅಂತು, ಯಾಕಂದ್ರೆ ಹಿಂದಿನ ದಿನ ತಾನೇ ಸಿನ್ಸ್ ಫಾರ್ ಕಲ್ತಿದ್ವಿ, ಎಲ್ಲಿ ಸಿನ್ಸ್ ಕಂಡ್ರೂ ಹೊಡೆಯೋ ಹುಮ್ಮಸ್ಸು. ಸಿನ್ಸ್ ಸರಿ ಇದೆ, ತಪ್ಪಿರೋದು ಎ-ನಲ್ಲಿ, 'ಹ್ಯಾಸ್ ಬೀನ್ ರೈನಿಂಗ್' ಆಗ್ಬೇಕು ಅಂದ್ರು ಸರ್. ಹಿಂದಿನ ಬೆಂಚಿನ ಹೊಸನಗರದ ಹುಡುಗ ಒಬ್ಬ ಎದ್ದು ನಿಂತು, 'ಸರ್, ನಿನ್ನೆ ಅಲ್ಲೇ ಇದ್ದೆ ಸರ್, ಮಳೆ ಇನ್ನೂ ಬರ್ತಾನೇ ಇದೆ, ಈಸ್ ಕರೆಕ್ಟೇ' ಅಂದ. ಸರ್ ಅವನನ್ನ ಸ್ವಲ್ಪ ಹೊತ್ತು ನೋಡಿ, 'ಹೌದು ಮಾರಾಯ, ಬರ್ತಾ ಇದೆ, ಆದ್ರೂ ಹ್ಯಾಸ್ ಬೀನ್' ಅಂದು ಡಸ್ಟರ್ ತಗೊಂಡ್ರು.

ನಮ್ಮ ತಪ್ಪಲ್ಲಿ ಅರ್ಧಕ್ಕರ್ಧ ಕನ್ನಡದಲ್ಲಿ ಯೋಚ್ನೆ ಮಾಡಿ ಇಂಗ್ಲಿಷಿಗೆ ಇಳ್ಸೋದ್ರಿಂದ ಬರೋದು ಅಂತ ಸರ್ ಹೇಳ್ತಿದ್ರು, ನಂಗೆ ಇದು ನಿಜ ಅನ್ಸುತ್ತೆ. ಜೂನಿಂದ ಮಳೆ, ಎರಡು ದಿನದಿಂದ ಜ್ವರ, ನಮಗೆ ಎರಡಕ್ಕೂ ಒಂದೇ 'ಇಂದ' ಸಾಕು. ಇಂಗ್ಲಿಷಿನೋರಿಗೆ ಸಾಲಲ್ಲ, ಯಾವಾಗ ಶುರುವಾಯ್ತು ಅನ್ನೋದಕ್ಕೆ ಸಿನ್ಸ್, ಎಷ್ಟು ಹೊತ್ತಿಂದ ಅನ್ನೋದಕ್ಕೆ ಫಾರ್. ನಾವು ಯಾವುದ್ರ 'ಬಗ್ಗೆ' ಚರ್ಚೆ ಮಾಡೋ ಜನ, ಹಂಗಾಗಿ ಡಿಸ್ಕಸ್ ಹಿಂದೆ ಒಂದು ಅಬೌಟ್ ಬಂದು ಕೂತ್ಕೊಳುತ್ತೆ. ಎ, ಆನ್, ದಿ ಅಂತೂ ನಮ್ಮಲ್ಲಿ ಇಲ್ವೇ ಇಲ್ಲ, ಮನೇಲಿ ಇಲ್ಲದ ಸಾಮಾನನ್ನ ಎಲ್ಲಿ ಇಡ್ಬೇಕು ಅಂದ್ರೆ ಯಾರಿಗೆ ಗೊತ್ತಾಗುತ್ತೆ. ಇನ್ನು ಒನ್ ಆಫ್ ಮೈ ಫ್ರೆಂಡ್ ಅಲ್ಲ ಫ್ರೆಂಡ್ಸು, ಫರ್ನಿಚರ್ಸ್ ಇಲ್ಲ, ಇನ್ಫರ್ಮೇಶನ್ಸ್ ಇಲ್ಲ, ರಿಟರ್ನ್ ಬ್ಯಾಕ್ ಇಲ್ಲ, ಸೀನಿಯರ್ ದ್ಯಾನ್ ಅಲ್ಲ ಸೀನಿಯರ್ ಟು, ಕೋಪ್ ಅಪ್ ವಿತ್ ಅಲ್ಲ ಬರೀ ಕೋಪ್ ವಿತ್, ಆಲ್ದೋ ಬಂದ ಮನೇಗೆ ಬಟ್ ಬರಂಗಿಲ್ಲ, ಹೀಗೆ ಸರ್ ನೋಟ್ಸ್ ಕೊಟ್ಟು ಕೊಟ್ಟು ನಮ್ಮ ತಲೆ ತುಂಬಿಸಿದ್ರು. ನಾನು ಎಕ್ಸಾಮ್ ಬರೆದು ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ವಾಪಸ್ ಬಂದೆ, ರಿಸಲ್ಟ್ ಬಂತು, ಆ ವಿಷಯ ಇಲ್ಲಿ ಬೇಡ, ತಲೆ ತುಂಬಿಸಿಕೊಂಡಿದ್ದು ಮಾತ್ರ ಖಾಲಿ ಆಗ್ಲಿಲ್ಲ.

ಅಡಿಕೆ ಆರಿಸೋ ಹೆಂಗಸ್ರನ್ನ ನೋಡಿದೀರಲ್ಲ, ಬಾಯಲ್ಲಿ ಊರಿನ ಸುದ್ದಿ ಎಲ್ಲ ನಡೀತಿರುತ್ತೆ, ಕೈ ಮಾತ್ರ ತಾನಾಗಿ ಗೊರಬಲು, ಅಂದ್ರೆ ಕಮ್ಮಿ ದರ್ಜೆ ಅಡಿಕೆ, ಎತ್ತಿ ಪಕ್ಕಕ್ಕೆ ಹಾಕ್ತಿರುತ್ತೆ, ನನ್ನ ಕಣ್ಣು ಹಂಗಾಗಿದೆ. ಬಸ್ಸಲ್ಲಿ ಕೂತ್ರೆ ಹೊರಗೆ ತುಂಗೆ ಹರೀತಿರ್ತಾಳೆ, ನಾನು ಅಂಗಡಿ ಬೋರ್ಡಲ್ಲಿ 'ವಿ ಆರ್ ಹ್ಯಾವಿಂಗ್ ನೋ ಬ್ರಾಂಚಸ್' ಓದಿ 'ವಿ ಹ್ಯಾವ್' ಅಂತ ಗೊಣಗ್ತಿರ್ತೀನಿ. ಯಾರೋ ತೀರಿಕೊಂಡ್ರು ಅಂತ ವಾಟ್ಸಾಪ್ ಗ್ರೂಪಲ್ಲಿ 'ಹಿ ವಾಸ್ ಎಕ್ಸ್‌ಪೈರ್ಡ್ ಯೆಸ್ಟರ್ಡೇ' ಅಂತ ಬಂದ್ರೆ ಎಲ್ರೂ ಕೈ ಮುಗಿಯೋ ಎಮೋಜಿ ಹಾಕ್ತಾರೆ, ನಾನೂ ಹಾಕ್ತೀನಿ, ಆದ್ರೆ ಮನಸ್ಸಲ್ಲಿ ಮೊದ್ಲು ಆ 'ವಾಸ್' ಹೊಡೆದು ಹಾಕಿದ್ಮೇಲೆ. ಊರಿನ ಸ್ಪೆಲಿಂಗ್ ಕೂಡ ಬಿಟ್ಟಿಲ್ಲ. 2014ರ ನವೆಂಬರ್ 1ಕ್ಕೆ ಸರ್ಕಾರ ಶಿಮೊಗನ ಶಿವಮೊಗ್ಗ ಮಾಡ್ತು, ಆದ್ರೂ ಇಂಗ್ಲಿಷ್ ಬೋರ್ಡುಗಳಲ್ಲಿ ಹಳೆ ಸ್ಪೆಲಿಂಗ್ ಅಲ್ಲಲ್ಲಿ ಕಾಣುತ್ತೆ. ಅದು ಎರರಾ, ಇಲ್ಲ ಬೋರ್ಡೇ ಹಳೇದಾ ಅಂತ ಯೋಚ್ನೆ ಮಾಡ್ತಾ ನಿಂತು ಬಸ್ಸು ತಪ್ಪಿಸ್ಕೊಂಡಿರೋ ಹುಡುಗಿ ಶಿವಮೊಗ್ಗದಲ್ಲಿ ನಾನೊಬ್ಬಳೇ ಇರ್ಬೇಕು.

ಇಷ್ಟಾದ್ರೆ ನನ್ನ ಪಾಡಿಗೆ ನಾನು ಇರ್ತಿದ್ದೆ, ಆದ್ರೆ ಇಂಗ್ಲಿಷ್ ಗೊತ್ತಿರೋ ಹುಡುಗಿ ಅಂತ ಊರಲ್ಲಿ ಹೆಸರಾಯ್ತು. ಪಕ್ಕದ್ಮನೆ ಎಂಟನೇ ಕ್ಲಾಸಿನ ಹುಡುಗ ಲೀವ್ ಲೆಟರ್ ತಂದ, 'ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್'. ನಾನು 'ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ಟೂ ಡೇಸ್' ಮಾಡಿ ಕೊಟ್ಟೆ. ಅವರ ಟೀಚರು 'ಫಾರ್'ಗೆ ಕೆಂಪು ಇಂಕಲ್ಲಿ ಸುತ್ತು ಹಾಕಿ, ಮೇಲೆ 'ಸಿನ್ಸ್' ಅಂತ ಬರೆದು, ಹತ್ತು ಸಲ ಇಂಪೊಸಿಷನ್ ಕೊಟ್ಟು ಕಳ್ಸಿದ್ರು. ನಮ್ಮ ಜಗಲೀಲೇ ಕೂತು ಬರೆದ ಪಾಪ, ಹತ್ತು ಸಲ, ತಪ್ಪು ವಾಕ್ಯ, ದುಂಡು ಅಕ್ಷರದಲ್ಲಿ. ನಾನು ಎದುರಿಗೆ ಕೂತು ಅಡಿಕೆ ಸುಲೀತಿದ್ದೆ, ಒಂದೊಂದು ಸಿನ್ಸಿಗೂ ಮಂಡೆ ಬಿಸಿ ಆಗ್ತಿತ್ತು. 'ಅಕ್ಕಾ, ಮುಂದಿನ ಸಲ ಜ್ವರ ಬಂದ್ರೆ ನಾನು ಶಾಲೆಗೇ ಹೋಗ್ತೀನಿ, ನೀವು ಎಂತದೂ ಬರೀಬೇಡಿ' ಅಂದ.

ಆದ್ರೆ ದೊಡ್ಡ ರಾಮಾಯಣ ಆಗಿದ್ದು ಚಿಕ್ಕಪ್ಪನ ಮಗಳ ಜಾತಕದ ವಿಷಯದಲ್ಲಿ. ಜಾತಕ ಕೂಡಿ ಬಂದಿತ್ತು, ಹುಡುಗ ಬೆಂಗಳೂರಲ್ಲಿ ಕೆಲಸ, ಊರಲ್ಲಿ ತೋಟ, ಫೋಟೋ ನೋಡಿ ನಮ್ಮ ಹುಡುಗಿ ಎರಡು ಸಲ ಜೂಮ್ ಮಾಡಿದ್ದನ್ನ ನಾನೇ ನೋಡಿದೀನಿ. ಬ್ರೋಕರ್ ಬಯೋಡಾಟ ಕಳ್ಸಿದ್ರು, ಪಿಡಿಎಫ್ಫು, ಮೇಲೆ ಗಣಪತಿ, ಕೆಳಗೆ ಪೂರ್ತಿ ಇಂಗ್ಲಿಷ್. ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ, 'ಓದು ಮಗಾ, ಎಂತ ಬರ್ದಿದಾರೆ, ಬರ್ದಿದ್ದು ಬರ್ದಂಗೆ ಹೇಳು' ಅಂದ್ರು. ಬರ್ದಿದ್ದು ಬರ್ದಂಗೆ ಅನ್ನೋ ಮಾತು ಅವರದ್ದು, ಇದನ್ನ ನೆನಪಿಟ್ಕೊಳಿ.

ಬರ್ದಿದ್ದು ಹೀಗಿತ್ತು, 'ದಿ ಬಾಯ್ ಹ್ಯಾಸ್ ಲಿಟಲ್ ಲ್ಯಾಂಡ್ ಅಂಡ್ ಫ್ಯೂ ಕೌಸ್. ಹಿ ಈಸ್ ಹಾರ್ಡ್ಲಿ ವರ್ಕಿಂಗ್ ಇನ್ ಬೆಂಗಳೂರು ಸಿನ್ಸ್ ಸಿಕ್ಸ್ ಇಯರ್ಸ್'. ನೋಡಿ, ಸ್ಪಾಟಿಂಗ್ ಎರರ್ಸ್ ಓದಿದೋರಿಗೆ ಇದು ಹಬ್ಬದೂಟ. 'ಎ ಲಿಟಲ್' ಅಂದ್ರೆ ಸ್ವಲ್ಪ ಇದೆ, ಎ ತೆಗೆದು ಬರೀ 'ಲಿಟಲ್' ಅಂದ್ರೆ ಇಲ್ಲ ಅನ್ನೋವಷ್ಟು ಕಮ್ಮಿ, ಫ್ಯೂ ಕತೇನೂ ಅಷ್ಟೇ. ಹಾರ್ಡ್ ಅಂದ್ರೆ ಕಷ್ಟಪಟ್ಟು, ಅದಕ್ಕೊಂದು ಲಿ ಅಂಟಿಸಿದ್ರೆ ಹೆಚ್ಚುಕಮ್ಮಿ ಇಲ್ವೇ ಇಲ್ಲ ಅಂತ. ನಾನು ಬರ್ದಿದ್ದು ಬರ್ದಂಗೆ ಹೇಳ್ದೆ, 'ಚಿಕ್ಕಪ್ಪ, ಜಮೀನು ಹೇಳ್ಕೊಳೋ ಹಂಗೇನೂ ಇಲ್ಲ, ದನಾನೂ ಇಲ್ಲ ಅಂತಾನೇ ಇಟ್ಕೊಳಿ, ಬೆಂಗಳೂರಲ್ಲಿ ಆರು ವರ್ಷದಿಂದ ಕೆಲಸ ಮಾಡಿದ್ದು ಅಷ್ಟಕ್ಕಷ್ಟೇ'. ಹಂಗಂತ ಅರ್ಥ ಬರುತ್ತೆ, ಅವ್ರು ಬರೆಯಕ್ಕೆ ಹೊರಟಿದ್ದು ಬೇರೆ ಅಂತ ಹೇಳೋದ್ರೊಳಗೆ ಚಿಕ್ಕಪ್ಪ ಫೋನ್ ಹಿಡ್ಕೊಂಡು ಅಂಗಳಕ್ಕೆ ಇಳಿದಾಗಿತ್ತು, ನಮ್ಮಲ್ಲಿ ನೆಟ್‌ವರ್ಕ್ ಸಿಗೋದು ತುಳಸಿಕಟ್ಟೆ ಹತ್ರ ಮಾತ್ರ.

'ಎಂತ ಮಾರಾಯ್ರೆ, ಹುಡುಗ ಕೆಲಸ ಮಾಡಲ್ಲ ಅಂತ ನೀವೇ ಬರೆದು ಕಳ್ಸಿದೀರಲ್ಲ!' ಆ ಕಡೆಯಿಂದ ಬ್ರೋಕರು, 'ಅಯ್ಯೋ, ಬೆಳಿಗ್ಗೆಯಿಂದ ರಾತ್ರಿವರೆಗೆ ದುಡೀತಾನೆ, ಹಾರ್ಡ್ ಅಂತ ಬರ್ದಿದೀನಲ್ಲ.' 'ಹಾರ್ಡ್ ಅಲ್ವಂತೆ, ಹಾರ್ಡ್ಲಿ ಅಂತೆ.' 'ಅದೂ ಅದೇ ಅಲ್ವಾ?' 'ಅಲ್ವಂತೆ, ನಮ್ಮ ಹುಡುಗಿ ಕೋಚಿಂಗ್ ಹೋಗಿದಾಳೆ.' ಈ ಕೊನೇ ಮಾತು ಹುಡುಗನ ಮನೆವರೆಗೆ ಹೋಯ್ತು, ಅಲ್ಲಿಂದ ಉತ್ರ ಬಂತು, ಬಯೋಡಾಟದಲ್ಲೇ ತಪ್ಪು ಹುಡುಕೋ ಮನೆಯೋರು ನಾಳೆ ಸಾಂಬಾರಲ್ಲಿ ಬಿಡ್ತಾರಾ ಅಂತ. ತಂಗಿ ಕೋಣೆ ಸೇರಿ ಚಿಲಕ ಹಾಕ್ಕೊಂಡ್ಲು. ನಾನು ಬಾಗಿಲ ಹೊರಗೆ ನಿಂತು ಲಿಟಲ್, ಎ ಲಿಟಲ್ ವ್ಯತ್ಯಾಸ ಇನ್ನೊಂದ್ಸಲ ವಿವರಿಸ್ದೆ. ಒಳಗಿಂದ ಒಂದೇ ಮಾತು, 'ಫೋಟೋದಲ್ಲಿ ನೋ ಎರರ್ ಇತ್ತಲ್ಲೇ ಅಕ್ಕಾ.'

ಅವಳನ್ನ ಸಮಾಧಾನ ಮಾಡಕ್ಕೆ, ಇಂಗ್ಲಿಷಿನೋರೇ ಇಂಗ್ಲಿಷಲ್ಲಿ ಎಡವ್ತಾರೆ ಬಿಡೇ ಅಂತ ಟೆಸ್ಕೊ ಕತೆ ಹೇಳ್ದೆ. ಬ್ರಿಟನ್ನಿನ ದೊಡ್ಡ ಸೂಪರ್‌ಮಾರ್ಕೆಟ್ಟು, ಕಮ್ಮಿ ಸಾಮಾನು ತಗೊಂಡೋರ ಕ್ಯೂಗೆ 'ಟೆನ್ ಐಟಮ್ಸ್ ಆರ್ ಲೆಸ್' ಅಂತ ಬೋರ್ಡಿತ್ತು. ಎಣಿಸೋ ವಸ್ತುಗೆ ಲೆಸ್ ಅಲ್ಲ ಫ್ಯೂಅರ್ ಅಂತ ಗ್ರಾಮರಿನೋರು ತಗಾದೆ ತೆಗೆದು ತೆಗೆದು, ಕೊನೆಗೆ 2008ರಲ್ಲಿ ಟೆಸ್ಕೊದವ್ರು ಎರಡೂ ಬೇಡ ಅಂತ 'ಅಪ್ ಟು ಟೆನ್ ಐಟಮ್ಸ್' ಮಾಡಿ ಕೈ ತೊಳ್ಕೊಂಡ್ರು. ತಂಗಿಗೆ ಟೆಸ್ಕೊ ಬೇಕಿರ್ಲಿಲ್ಲ, ಹುಡುಗನ ನಂಬರ್ ಬೇಕಿತ್ತು. ಅದನ್ನ ಅವಳೇ ಬ್ರೋಕರ್ ಹತ್ರ ಇಸ್ಕೊಂಡ್ಲು, ಇಬ್ರೂ ಕನ್ನಡದಲ್ಲಿ ಮಾತಾಡಿ ಸರಿ ಮಾಡ್ಕೊಂಡ್ರು, ಮದುವೇನೂ ಆಯ್ತು. ಲಗ್ನಪತ್ರಿಕೆ ಪ್ರೂಫ್ ಮಾತ್ರ ನಂಗೆ ಯಾರೂ ತೋರಿಸ್ಲಿಲ್ಲ. ಪ್ರಿಂಟಾಗಿ ಬಂದ್ಮೇಲೆ ನೋಡಿದ್ರೆ 'ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಮ್ ನಿಯರ್ಸ್ ಅಂಡ್ ಡಿಯರ್ಸ್', ಎಸ್ ಎರಡು ಕಡೆ. ಚಿಕ್ಕಪ್ಪ ನನ್ನ ಮುಖಾನೇ ನೋಡ್ತಿದ್ರು, ನಾನು ಚೆನ್ನಾಗಿದೆ ಚಿಕ್ಕಪ್ಪ, ಗಣಪತಿ ಕಲರ್ ಚೆನ್ನಾಗಿ ಬಂದಿದೆ ಅಂದೆ.

ಇನ್ನು ಭಾವನ ಹೋಮ್‌ಸ್ಟೇ. ಅಕ್ಕನ ಮನೆ ಪೂರ್ತಿ ಕಾಡೊಳಗೆ, ಮಳೆಗಾಲದಲ್ಲಿ ಉಂಬಳ, ಅಂದ್ರೆ ರಕ್ತ ಹೀರೋ ಜಿಗಣೆ, ಎಷ್ಟಿರುತ್ತೆ ಅಂತ ಮಲೆನಾಡಿನೋರಿಗೆ ಹೇಳ್ಬೇಕಾಗಿಲ್ಲ, ಬೇರೆಯೋರಿಗೆ ಹೇಳಿದ್ರೆ ಬರಲ್ಲ. ಭಾವ ಬಾಗಿಲಲ್ಲಿ ಉಪ್ಪಿನ ಡಬ್ಬ ಇಟ್ಟು ಮೇಲೆ ಒಂದು ಬೋರ್ಡ್ ಬರೆಸಿದ್ರು, 'ಬಿಫೋರ್ ಎಂಟರಿಂಗ್ ದಿ ರೂಮ್, ಲೀಚಸ್ ಶುಡ್ ಯೂಸ್ ಸಾಲ್ಟ್'. ನಾನು ಓದಿ ಅಲ್ಲೇ ಮೆಟ್ಟಿಲ ಮೇಲೆ ಕೂತ್ಬಿಟ್ಟೆ. ಕೋಚಿಂಗ್ ಸರ್ ಹೇಳಿದ್ದ 'ವಾಕಿಂಗ್ ಇನ್ ದಿ ಗಾರ್ಡನ್, ಎ ಸ್ನೇಕ್ ಬಿಟ್ ಹಿಮ್' ನೆನಪಾಯ್ತು. ಅಲ್ಲಿ ಗಾರ್ಡನ್ನಲ್ಲಿ ವಾಕಿಂಗ್ ಹೊರಟಿರೋದು ಹಾವು. ಇಲ್ಲಿ ರೂಮಿಗೆ ಬರ್ತಿರೋದೂ ಉಂಬಳ, ಉಪ್ಪು ಹಚ್ಕೊಳೋದೂ ಉಂಬಳ, ಗೆಸ್ಟಿಗೆ ವಾಕ್ಯದಲ್ಲಿ ಜಾಗಾನೇ ಇಲ್ಲ.

'ಭಾವ, ಇದನ್ನ ತಿದ್ದಿಸ್ಬೇಕು' ಅಂದೆ. 'ಎಂತಕ್ಕೆ ಮಾರಾಯ್ತಿ, ಎಲ್ರಿಗೂ ಅರ್ಥ ಆಗ್ತದಲ್ಲ.' ನಾನು ಸುಮ್ನಿರ್ದೆ ಅಮೆರಿಕದ ಹಾಲಿನ ಡೈರಿ ಕತೆ ತೆಗೆದೆ. ಅಲ್ಲಿ ಮೇನ್ ಅಂತ ರಾಜ್ಯ, ಓಕ್‌ಹರ್ಸ್ಟ್ ಅಂತ ಡೈರಿ, ಯಾವ್ಯಾವ ಕೆಲಸಕ್ಕೆ ಓವರ್‌ಟೈಮ್ ಇಲ್ಲ ಅಂತ ಆ ರಾಜ್ಯದ ಕಾನೂನಲ್ಲಿ ಪಟ್ಟಿ ಇತ್ತು, ಆ ಪಟ್ಟಿ ಕೊನೇಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಶನ್'. ಶಿಪ್‌ಮೆಂಟ್ ಆದ್ಮೇಲೆ ಒಂದು ಕಾಮಾ ಇರ್ಲಿಲ್ಲ. ಕಾಮಾ ಇಲ್ಲ ಅಂದ್ರೆ ಶಿಪ್‌ಮೆಂಟೋ ಡಿಸ್ಟ್ರಿಬ್ಯೂಶನ್ನೋ ಎರಡೂ ಪ್ಯಾಕಿಂಗಿಗೇ ಸೇರಿತು, ನಾವು ಪ್ಯಾಕ್ ಮಾಡೋರಲ್ಲ, ಲಾರೀಲಿ ಹಂಚೋರು, ನಮಗೆ ಓವರ್‌ಟೈಮ್ ಕೊಡಿ ಅಂತ ಡ್ರೈವರುಗಳು ಕೋರ್ಟಿಗೆ ಹೋದ್ರು. 2017ರಲ್ಲಿ ಮೇಲಿನ ಕೋರ್ಟು ಅವರ ಕಡೆ ಹೇಳ್ತು, 2018ರಲ್ಲಿ ಡೈರಿಯೋರು 50 ಲಕ್ಷ ಡಾಲರಿಗೆ ರಾಜಿ ಮಾಡ್ಕೊಂಡ್ರು. ಒಂದು ಕಾಮಾಗೆ ಭಾವ, 50 ಲಕ್ಷ ಡಾಲರು! ಭಾವ ಕವಳ ಉಗಿದು ಬಂದು, 'ನಮ್ಮ ಉಂಬಳ ಕೋರ್ಟಿಗೆ ಹೋಗಲ್ಲ' ಅಂದ್ರು.

ಆದ್ರೂ ನನ್ನ ಕಾಟ ತಾಳ್ಲಾರ್ದೆ ಬೋರ್ಡ್ ಬದಲಾಯಿಸಿದ್ರು. 'ಗೆಸ್ಟ್ಸ್ ಆರ್ ರಿಕ್ವೆಸ್ಟೆಡ್ ಟು ರಿಮೂವ್ ಲೀಚಸ್ ವಿತ್ ಸಾಲ್ಟ್ ಬಿಫೋರ್ ಎಂಟರಿಂಗ್ ದಿ ರೂಮ್'. ಎ ಬಿ ಸಿ ಡಿ ಎಲ್ಲ ತುಂಡು ಮಾಡಿ ನೋಡ್ದೆ, ನೋ ಎರರ್. ತೊಂದ್ರೆ ಶುರುವಾಗಿದ್ದು ಆಮೇಲೆ. ಹಳೇ ಬೋರ್ಡ್ ಪಕ್ಕ ನಿಂತು ಸೆಲ್ಫಿ ತೆಗೆದು ಇನ್‌ಸ್ಟಾದಲ್ಲಿ ಹಾಕ್ತಿದ್ದ ಬೆಂಗಳೂರಿನ ಜನ ಹೊಸ ಬೋರ್ಡನ್ನ ಓದ್ಲೂ ಇಲ್ಲ, ಓದದೆ ಸೀದಾ ಒಳಗೆ ಹೋದ್ರು, ಉಂಬಳಾನೂ ಜೊತೇಲಿ ಹೋಯ್ತು, ಬೆಡ್‌ಶೀಟ್ ಮೇಲೆಲ್ಲ ರಕ್ತ, ಅಕ್ಕ ನನಗೇ ಫೋನ್ ಮಾಡಿ ಬೈದ್ಲು. ಇನ್ನು ಕೆಲವ್ರು ಬಂದು, ಇನ್‌ಸ್ಟಾದಲ್ಲಿ ನೋಡಿದ ಉಪ್ಪು ಹಚ್ಕೊಳೋ ಉಂಬಳದ ಬೋರ್ಡ್ ಎಲ್ಲಿ ಅಂಕಲ್ ಅಂತ ಕೇಳಿದ್ರಂತೆ. ಭಾವ ಕೊಟ್ಟಿಗೆಯಿಂದ ಹಳೇ ಬೋರ್ಡ್ ತೊಳೆದು ತಂದು ವಾಪಸ್ ಹಾಕಿದ್ರು.

ಅಷ್ಟಕ್ಕೇ ಬಿಡ್ಲಿಲ್ಲ. ಬಚ್ಚಲಿಗೂ ಒಂದು ಬೇಕು, ಹಂಡೆ ನೀರು ಆರೋದ್ರೊಳಗೆ ಸ್ನಾನ ಮಾಡಿ ಅಂತ, 'ನೀನೇ ಬರ್ಕೊಡು, ಆದ್ರೆ ಸ್ವಲ್ಪ ತಪ್ಪಾಗಿ ಬರಿ, ಜನಕ್ಕೆ ಹಂಗೇ ಇಷ್ಟ' ಅಂದ್ರು. ನಾನು ಪೆನ್ನು ಹಾಳೆ ಹಿಡ್ಕೊಂಡು ಕೂತೆ. ಬರೆದಿದ್ದೆಲ್ಲ ಸರಿಯಾಗೇ ಬರ್ತಿತ್ತು. ಬೇಕಂತ ಒಂದು 'ದಿ' ಬಿಟ್ಟೆ, ಕೈ ತಡೀದೆ ಮತ್ತೆ ಸೇರ್ಸಿದೆ. ಈಸ್ ಇದ್ದ ಕಡೆ ಆರ್ ಹಾಕಿದೆ, ಹೊಟ್ಟೆ ತೊಳಸಿದಂಗಾಯ್ತು. ಕಾಫಿ ಕುಡೀತಾ ಕೂತಿದ್ದ ಚಿಕ್ಕಪ್ಪ, 'ತಾ ಇಲ್ಲಿ' ಅಂತ ಹಾಳೆ ಕಿತ್ಕೊಂಡು ಒಂದೇ ಉಸಿರಲ್ಲಿ ಬರೆದು ಕೊಟ್ರು, 'ಪ್ಲೀಸ್ ಟೇಕ್ ಬಾತ್ ಬಿಫೋರ್ ಹಂಡೆ ಈಸ್ ಗೋಯಿಂಗ್ ಕೋಲ್ಡ್. ಇಫ್ ಗೆಸ್ಟ್ ಈಸ್ ನಾಟ್ ಟೇಕಿಂಗ್, ಮ್ಯಾನೇಜ್‌ಮೆಂಟ್ ವಿಲ್ ಗಿವ್.' ಭಾವ ಅಲ್ಲಿಂದಲೇ ಪೇಂಟರಿಗೆ ಫೋನ್ ಮಾಡಿದ್ರು.