ಹಿಟ್ಲರ್ ಬರುವ ಮೊದಲೇ ಪಟ್ಟಿ ರೆಡಿ ಇತ್ತು

ಪಿಯರ್ ಸೀಲ್ ಎಂಬ ಹುಡುಗ. ಫ್ರಾನ್ಸಿನ ಆಲ್ಸೇಸ್ ಸೀಮೆಯ ಮ್ಯುಲೂಸ್ ಊರಿನವನು. ಗೇ ಹುಡುಗರು ಸೇರುತ್ತಿದ್ದ ಒಂದು ಚೌಕದಲ್ಲಿ ಅವನ ವಾಚ್ ಕಳುವಾಯಿತು. ಠಾಣೆಗೆ ಹೋಗಿ ಕಂಪ್ಲೇಂಟ್ ಕೊಟ್ಟ. ಅಲ್ಲಿದ್ದ ಅಧಿಕಾರಿ ವಾಚಿಗಿಂತ ಜಾಸ್ತಿ ವಿಚಾರಿಸಿದ್ದು, ನೀನು ಆ ಜಾಗಕ್ಕೆ ಯಾಕೆ ಹೋಗಿದ್ದೆ ಅಂತ. ಹುಡುಗನಿಗೆ ಗೊತ್ತೇ ಆಗದ ಹಾಗೆ ಅವನ ಹೆಸರು ಸಲಿಂಗಿಗಳ ಪಟ್ಟಿಗೆ ಸೇರಿತು. ತಮಾಷೆ ನೋಡಿ, ಫ್ರಾನ್ಸಿನಲ್ಲಿ ಆಗ ಸಲಿಂಗ ಸಂಬಂಧ ಅಪರಾಧವೇ ಅಲ್ಲ. ಆ ಕಾನೂನು 1791ರಲ್ಲೇ ಹೋಗಿತ್ತು. ಪಟ್ಟಿ ಮಾತ್ರ ಇತ್ತು.

1940ರಲ್ಲಿ ಜರ್ಮನಿ ಆಲ್ಸೇಸನ್ನು ಹಿಡಿಯಿತು. ಪಟ್ಟಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಸೇರಿತು. 1941ರ ಮೇ ತಿಂಗಳಲ್ಲಿ ಸೀಲ್‌ಗೆ ಕರೆ ಬಂತು. ಮೊದಲು ಚಿತ್ರಹಿಂಸೆ, ಆಮೇಲೆ ಶಿರ್ಮೆಕ್ ಕ್ಯಾಂಪ್. ವಯಸ್ಸು 17. ಕ್ಯಾಂಪಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅವನು ಪ್ರೀತಿಸುತ್ತಿದ್ದ ಹುಡುಗನ ಮೇಲೆ ನಾಯಿಗಳನ್ನು ಛೂ ಬಿಟ್ಟು ಕೊಂದರು. ಸೀಲ್ ಇದನ್ನು ಸುಮಾರು ನಲವತ್ತು ವರ್ಷ ಬಾಯಿಬಿಟ್ಟು ಹೇಳಲಿಲ್ಲ. ಮದುವೆಯಾದರು, ಮಕ್ಕಳಾದವು. 80ರ ದಶಕದ ಆರಂಭದಲ್ಲಿ ಸ್ಟ್ರಾಸ್‌ಬರ್ಗ್‌ನ ಬಿಷಪ್ ಸಲಿಂಗಿಗಳನ್ನು ರೋಗಿಗಳು ಎಂದಾಗ ಸಿಟ್ಟು ಒಡೆದು ಎಲ್ಲವನ್ನೂ ಹೇಳಿದರು.

ನಾಜಿಗಳ ಮಾತು ಬಂದಾಗಲೆಲ್ಲ ನಾವು ಹಿಟ್ಲರ್ ಎಂಬ ರಾಕ್ಷಸನನ್ನು ಬೈದು ಸುಮ್ಮನಾಗುತ್ತೇವೆ. ನನಗೆ ಹೆದರಿಕೆ ಹುಟ್ಟಿಸುವುದು ರಾಕ್ಷಸನಲ್ಲ, ಆ ಠಾಣೆಯ ಅಧಿಕಾರಿ. ಅವನು ನಾಜಿ ಅಲ್ಲ. ಒಂದು ಪ್ರಜಾಪ್ರಭುತ್ವದ ಪಗಾರ ತಗೊಂಡು ತನ್ನ ಪಾಡಿಗೆ ಡ್ಯೂಟಿ ಮಾಡಿದವನು.

ಜರ್ಮನಿಯಲ್ಲೂ ಇದೇ ಕಥೆ. ಗಂಡಸರ ನಡುವಿನ ಸಂಬಂಧಕ್ಕೆ ಶಿಕ್ಷೆ ಕೊಡುವ 175ನೇ ಕಲಮು 1871ರದು. ನಾಜಿಗಳು ಬರೆದದ್ದಲ್ಲ. ಬರ್ಲಿನ್ ಪೊಲೀಸರು ನಾಜಿಗಳು ಬರುವ ಮೊದಲಿನಿಂದಲೂ ಹೆಸರು ಬರೆದಿಡುತ್ತಿದ್ದರು, ನಮ್ಮಲ್ಲಿ ರೌಡಿ ಶೀಟ್ ತೆರೆಯುವ ಹಾಗೆ. 20ರ ದಶಕದಲ್ಲಿ ಅದೇ ಬರ್ಲಿನ್‌ನಲ್ಲಿ ಗೇ ಬಾರ್‌ಗಳು, ಪತ್ರಿಕೆಗಳು ರಾಜಾರೋಷವಾಗಿ ನಡೆಯುತ್ತಿದ್ದವು. ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಎಂಬ ಡಾಕ್ಟರು 1919ರಲ್ಲಿ ಲೈಂಗಿಕ ವಿಜ್ಞಾನಕ್ಕೆಂದೇ ಒಂದು ಸಂಸ್ಥೆ ಕಟ್ಟಿದ್ದರು. 1929ರಲ್ಲಿ ಸಂಸತ್ತಿನ ಸಮಿತಿಯೊಂದು 175ನ್ನು ತೆಗೆಯಲು ಮತ ಹಾಕಿತು. ಇನ್ನೇನು ಹೋಯಿತು ಅನ್ನುವಷ್ಟರಲ್ಲಿ ಆರ್ಥಿಕ ಕುಸಿತ, ರಾಜಕೀಯ ಗಲಾಟೆ. ಆ ಕೆಲಸ ಅಲ್ಲೇ ನಿಂತಿತು. 1933ರ ಮೇ 6ರಂದು ನಾಜಿ ವಿದ್ಯಾರ್ಥಿಗಳು ಹಿರ್ಷ್‌ಫೆಲ್ಡ್ ಸಂಸ್ಥೆಗೆ ನುಗ್ಗಿದರು. ನಾಲ್ಕೇ ದಿನಕ್ಕೆ ಅಲ್ಲಿಯ ಪುಸ್ತಕಗಳು ನಡುಬೀದಿಯಲ್ಲಿ ಬೆಂಕಿಗೆ ಬಿದ್ದವು.

ಇಲ್ಲಿ ಯಾರಾದರೂ ಎರ್ನ್ಸ್ಟ್ ರೋಮ್ ಹೆಸರು ಎತ್ತೇ ಎತ್ತುತ್ತಾರೆ. ನಾಜಿ ನಾಯಕರಲ್ಲೇ ಸಲಿಂಗಿ ಇದ್ದನಲ್ಲ ಅಂತ. ಇದ್ದ. ಹಿಟ್ಲರನಿಗೂ ಗೊತ್ತಿತ್ತು, ಬೇಕಾದಷ್ಟು ದಿನ ಇಟ್ಟುಕೊಂಡ. ಅಧಿಕಾರಕ್ಕೆ ಅಡ್ಡ ಬರುತ್ತಾನೆ ಅನ್ನಿಸಿದಾಗ 1934ರಲ್ಲಿ ಕೊಲ್ಲಿಸಿದ. ಅದರಿಂದ ಏನು ಸಾಬೀತಾಗುತ್ತದೋ ನನಗಂತೂ ತಿಳಿಯದು.

1935ರಲ್ಲಿ 175ನ್ನು ಇನ್ನಷ್ಟು ಬಿಗಿ ಮಾಡಿದರು. ಮೊದಲು ಸಂಭೋಗದಂಥ ಕ್ರಿಯೆ ನಡೆದದ್ದು ಸಾಬೀತಾಗಬೇಕಿತ್ತು. ಈಗ ಮೈ ಮುಟ್ಟಿದ್ದೇ ಸಾಕು, ಕೆಲವೊಮ್ಮೆ ಅದೂ ಬೇಡ. 1936ರಲ್ಲಿ ನಾಜಿ ಪೊಲೀಸ್ ಮುಖ್ಯಸ್ಥ ಹಿಮ್ಲರ್ ಇದಕ್ಕೆಂದೇ ಒಂದು ಕೇಂದ್ರ ಕಚೇರಿ ತೆರೆದ. ಸಲಿಂಗಿಗಳು ಮತ್ತು ಗರ್ಭಪಾತ, ಎರಡೂ ಒಂದೇ ಕಚೇರಿಯ ಕೆಲಸ. ಮಕ್ಕಳು ಹುಟ್ಟದಂತೆ ಮಾಡುವವರೆಲ್ಲ ದೇಶದ್ರೋಹಿಗಳು ಅನ್ನುವ ಲೆಕ್ಕಾಚಾರ! ವರ್ಷಕ್ಕೆ ಸಾವಿರದೊಳಗಿದ್ದ ಶಿಕ್ಷೆಗಳು 1938ಕ್ಕೆ ಎಂಟು ಸಾವಿರ ದಾಟಿದವು. ಅಕ್ಕಪಕ್ಕದವರು, ಜೊತೆಗೆ ಕೆಲಸ ಮಾಡುವವರು ಹೋಗಿ ಚಾಡಿ ಹೇಳುತ್ತಿದ್ದರು. ಒಬ್ಬ ಸಿಕ್ಕರೆ ಅವನ ವಿಳಾಸದ ಪುಸ್ತಕದಿಂದ ಇನ್ನಷ್ಟು ಜನ. ಒಟ್ಟು ಸುಮಾರು ಒಂದು ಲಕ್ಷ ಜನರ ಬಂಧನ, ಅರ್ಧದಷ್ಟು ಜನರಿಗೆ ಶಿಕ್ಷೆ. ಐದರಿಂದ ಹದಿನೈದು ಸಾವಿರ ಜನ ಎದೆಯ ಮೇಲೆ ಸಲಿಂಗಿ ಎಂಬ ಗುರುತಿನ ಗುಲಾಬಿ ತ್ರಿಕೋನ ಹೊತ್ತು ಕ್ಯಾಂಪ್‌ಗಳಿಗೆ ಹೋದರು ಎಂಬ ಅಂದಾಜಿದೆ. ಅವರಲ್ಲಿ ತುಂಬ ಜನ ವಾಪಸ್ ಬರಲಿಲ್ಲ. ಬುಖೆನ್‌ವಾಲ್ಡ್‌ನಲ್ಲಿ ವೆರ್ನೆಟ್ ಎಂಬ ಡ್ಯಾನಿಶ್ ಡಾಕ್ಟರ್, ‘ಸರಿಮಾಡುತ್ತೇನೆ’ ಅಂತ ಕೈದಿಗಳ ಮೈಯೊಳಗೆ ಹಾರ್ಮೋನ್ ಇಟ್ಟು ಪ್ರಯೋಗ ಮಾಡಿದ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಓಡಿಹೋದ. ಶಿಕ್ಷೆ ಆಗಲೇ ಇಲ್ಲ.

ಯುದ್ಧ ಮುಗಿಯಿತು, ಹಿಟ್ಲರ್ ಸತ್ತ. ಕಲಮು ಸಾಯಲಿಲ್ಲ. ಪಶ್ಚಿಮ ಜರ್ಮನಿ ನಾಜಿಗಳು ಬಿಗಿ ಮಾಡಿದ 175ನ್ನೇ 1969ರವರೆಗೆ ಇಟ್ಟುಕೊಂಡಿತು. 1957ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಇದು ಸರಿಯಾಗಿದೆ ಎಂದಿತು. ಆ ಅವಧಿಯಲ್ಲಿ ಮತ್ತೆ ಸುಮಾರು 50 ಸಾವಿರ ಜನರಿಗೆ ಶಿಕ್ಷೆಯಾಯಿತು. ನಾಜಿ ಕಾಲದ ಶಿಕ್ಷೆ ರದ್ದಾದದ್ದು 2002ರಲ್ಲಿ, ನಂತರದವು 2017ರಲ್ಲಿ. ಆಗ ಪರಿಹಾರ ಎಷ್ಟು ಗೊತ್ತಾ? ಒಂದು ಶಿಕ್ಷೆಗೆ 3,000 ಯೂರೋ, ಜೈಲಲ್ಲಿ ಕಳೆದ ವರ್ಷಕ್ಕೆ 1,500. ಅಷ್ಟು ಹೊತ್ತಿಗೆ ತಗೊಳ್ಳುವವರೇ ಬಹಳ ಜನ ಉಳಿದಿರಲಿಲ್ಲ.

ಇದೆಲ್ಲ ದೂರದ ಮಾತು ಅಲ್ವಾ ಅಂತ ಕೇಳಬಹುದು. ಜರ್ಮನಿಯ 175 ಬಂದ ಅದೇ 1871ರಲ್ಲಿ ಬ್ರಿಟಿಷರು ಇಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಹಿಜಡಾಗಳ ಹೆಸರು, ವಿಳಾಸ ಬರೆದಿಡುವ ರಿಜಿಸ್ಟರ್‌ಗೆ ಅದರಲ್ಲೊಂದು ಭಾಗವೇ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಕಾಯ್ದೆ ಹೋಯಿತು. ಹೋಯಿತು ಅಂದುಕೊಂಡಿದ್ದೆವು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿ, ಅಂಥದೇ ರಿಜಿಸ್ಟರ್ ಇಡುವ ಅಧಿಕಾರವನ್ನು ಪೊಲೀಸ್ ಕಮಿಷನರ್‌ಗೆ ಕೊಟ್ಟರು. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ಐಪಿಸಿಯ 377ನೇ ಕಲಮು ಆಗಿನ್ನೂ ಪುಸ್ತಕದಲ್ಲಿ ಇದ್ದ ಕಾಲ, ‘ಅಸಹಜ ಅಪರಾಧ’ದ ಗುಮಾನಿ ಇದ್ದರೂ ಹೆಸರು ಬರೆಯಬಹುದಿತ್ತು. ಸಮುದಾಯದವರು ಹೈಕೋರ್ಟಿಗೆ ಹೋದರು. ಆಮೇಲೆ ಸರ್ಕಾರ ಹಿಜಡಾಗಳನ್ನು ಸೂಚಿಸುವ ಪದ ತೆಗೆದು ‘ವ್ಯಕ್ತಿಗಳು’ ಅಂತ ಹಾಕಿತು. ಇಡೀ ಕಲಮನ್ನೇ ಕಿತ್ತುಹಾಕಬಹುದಿತ್ತು. ಹಾಕಲಿಲ್ಲ.